ಗಂಟಲು ಕಟ್ಟಿ ಮೂರು ವಾರ ಆಯ್ತೇ? ಹಾಗಾದರೆ ಗಂಗೋತ್ರಿ ಬಸ್ ಹತ್ತಿ!

ದೇವರಾಜ ಮಾರ್ಕೆಟ್ಟಿನಲ್ಲಿ ಕೂಗಿ ಕೂಗಿ ತರಕಾರಿ ಮಾರುವವರು, ಬಸ್ ಸ್ಟ್ಯಾಂಡಿನಲ್ಲಿ ‘ಹುಣಸೂರು, ಹುಣಸೂರು’ ಅಂತ ಗಂಟಲು ಹರಿದುಕೊಳ್ಳುವವರು, ತುಂಬಿದ ಕ್ಲಾಸಿನಲ್ಲಿ ಮಗ್ಗಿ ಹೇಳಿಕೊಡುವ ಮೇಡಂಗಳು, ಗಲ್ಲಾದ ಮುಂದೆ ಕೂತು ದಿನವಿಡೀ ಗಿರಾಕಿಗಳ ಜೊತೆ ಚೌಕಾಶಿ ಮಾಡುವ ಸಾಹುಕಾರರು. ಇವರೆಲ್ಲರ ಅಸಲು ಬಂಡವಾಳ ಯಾವುದು ಹೇಳಿ ನೋಡೋಣ? ದುಡ್ಡಲ್ಲ ಸ್ವಾಮಿ, ದನಿ!

ತಕ್ಕಡಿ ಕೆಟ್ಟರೆ ಅದೇ ದಿನ ರಿಪೇರಿಗೆ ಕೊಡುತ್ತೇವೆ. ಸ್ಕೂಟರು ಕೆಮ್ಮಿದರೆ ಮೆಕ್ಯಾನಿಕ್ ಮನೆ ಬಾಗಿಲು ತಟ್ಟುತ್ತೇವೆ. ಆದರೆ ಗಂಟಲು ಕೆಟ್ಟರೆ ಮಾತ್ರ ‘ಏನೋ ಶೀತ ಆಗಿದೆ ಬಿಡಿ’ ಅಂತ ತಿಂಗಳುಗಟ್ಟಲೆ ಮೆಣಸು, ಶುಂಠಿ, ಜೇನುತುಪ್ಪದಲ್ಲೇ ಕಾಲ ತಳ್ಳುತ್ತೇವೆ. ಶೀತವೇ ಆಗಿದ್ದರೆ ಸರಿ, ವಾರ ಹತ್ತು ದಿನದಲ್ಲಿ ವಾಸಿಯಾಗುತ್ತದೆ. ಆಗದಿದ್ದರೆ? ಅದನ್ನು ಹೇಳುವುದಕ್ಕೇ ಇವತ್ತಿನ ಈ ಅಂಕಣ.

ವಿಚಿತ್ರ ಏನು ಗೊತ್ತೇ? ದನಿ, ಮಾತು, ನುಂಗುವಿಕೆ ಇವುಗಳ ಮೇಲೆ ಓದು, ಸಂಶೋಧನೆ, ಚಿಕಿತ್ಸೆ ನಡೆಸುವ ದೇಶದ ದೊಡ್ಡ ಸಂಸ್ಥೆ ಇರುವುದು ದಿಲ್ಲಿಯಲ್ಲಲ್ಲ, ಬೊಂಬಾಯಿಯಲ್ಲೂ ಅಲ್ಲ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ! 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅದು. ಖರ್ಚುವೆಚ್ಚವೆಲ್ಲ ಕೇಂದ್ರ ಆರೋಗ್ಯ ಇಲಾಖೆಯದು. ಊರಿನ ಜನ ಅದನ್ನು ‘ಕಿವಿ ಕೇಳದವರ ಆಸ್ಪತ್ರೆ’, ‘ಮಾತು ಬಾರದ ಮಕ್ಕಳ ಶಾಲೆ’ ಅಂತ ಕರೆದು ಸುಮ್ಮನಾಗಿಬಿಟ್ಟಿದ್ದಾರೆ. ಅದೆಲ್ಲ ನಿಜ. ಆದರೆ ದನಿ ಒಡೆದ ಕಂಡಕ್ಟರನಿಗೂ, ಲಕ್ವ ಹೊಡೆದು ನೀರು ನುಂಗಲಾಗದ ಅಜ್ಜನಿಗೂ ಅಲ್ಲಿ ಬಾಗಿಲು ತೆರೆದಿದೆ ಅನ್ನುವುದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಒಂದು ಗಂಟೆಗೆ ನಾಲ್ಕು ಲಕ್ಷ ಸಲ!

ಗಂಟಲಿನ ಒಳಗೆ, ಉಸಿರುನಾಳದ ಬಾಯಿಯಲ್ಲಿ ಧ್ವನಿಪೆಟ್ಟಿಗೆ ಇದೆ. ಗಂಡಸರ ಕತ್ತಿನಲ್ಲಿ ಮುಂದಕ್ಕೆ ಉಬ್ಬಿ ಕಾಣುವ ಗಂಟು ಇದೆಯಲ್ಲ, ಅದರ ಹಿಂದೆಯೇ. ಅದರೊಳಗೆ ಎರಡು ಧ್ವನಿತಂತುಗಳು. ತಂತು ಅಂದಮಾತ್ರಕ್ಕೆ ವೀಣೆ ತಂತಿಯಂತೆ ಅಂದುಕೊಳ್ಳಬೇಡಿ, ಎರಡು ಪುಟ್ಟ ತುಟಿಗಳಂತೆ ಇರುತ್ತವೆ. ಉದ್ದ ಒಂದು ಇಂಚಿಗಿಂತ ಕಡಿಮೆ. ಉಸಿರಾಡುವಾಗ ತೆರೆದಿರುತ್ತವೆ. ಮಾತಾಡುವಾಗ ಹತ್ತಿರ ಬಂದು, ಕೆಳಗಿನಿಂದ ನುಗ್ಗುವ ಗಾಳಿಗೆ ಪಟಪಟ ಬಡಿದುಕೊಳ್ಳುತ್ತವೆ. ಆ ಬಡಿತವೇ ದನಿ.

ಈಗ ಅಂಗಡಿ ಲೆಕ್ಕ ಹಾಕಿ. ಗಂಡಸರ ತಂತುಗಳು ಒಂದು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರವು ಸುಮಾರು 200 ಸಲ ಬಡಿದುಕೊಳ್ಳುತ್ತವೆ. ಬಿಡದೆ ಒಂದು ಗಂಟೆ ದನಿ ಹೊರಡಿಸಿದರೆ ಗಂಡಸಿಗೆ ನಾಲ್ಕು ಲಕ್ಷದ ಮೇಲೆ, ಹೆಂಗಸಿಗೆ ಏಳು ಲಕ್ಷದ ಮೇಲೆ ಬಡಿತ! ಕೂಗಿದಷ್ಟೂ ಪೆಟ್ಟು ಜೋರು. ದಿನಾ ಹೀಗೇ ಪೆಟ್ಟು ಬಿದ್ದರೆ ಗುದ್ದಲಿ ಹಿಡಿದ ಕೈ ಜಡ್ಡುಗಟ್ಟುವ ಹಾಗೆ ತಂತುಗಳೂ ಜಡ್ಡುಗಟ್ಟಿ ಸಣ್ಣ ಗಂಟುಗಳಾಗುತ್ತವೆ. ಆಗ ಎರಡು ತಂತುಗಳು ಸರಿಯಾಗಿ ಕೂಡುವುದಿಲ್ಲ. ಗಾಳಿ ಸೋರುತ್ತದೆ, ದನಿ ಗೊರಗೊರ ಅನ್ನುತ್ತದೆ.

1970ರ ದಶಕದಲ್ಲಿ ಜಪಾನಿನ ಡಾ. ಮಿನೋರು ಹಿರಾನೋ ಈ ತಂತುಗಳನ್ನು ಪದರ ಪದರವಾಗಿ ಬಿಡಿಸಿ ನೋಡಿದರು. ಒಳಗೆ ಗಟ್ಟಿ ಸ್ನಾಯು, ಮೇಲೆ ಲೋಳೆಯಂಥ ಮೆತ್ತನೆ ಹೊದಿಕೆ. ದನಿಯ ಅಲೆ ಏಳುವುದು ಆ ಮೆತ್ತನೆ ಹೊದಿಕೆಯ ಮೇಲೆ. ಅಲ್ಲಿ ಒಂದು ಚೂರು ಗಾಯದ ಕಲೆ ಉಳಿದರೂ ದನಿ ಮೊದಲಿನಂತಾಗುವುದು ಕಷ್ಟ. ಅಲ್ಲಿಂದೀಚೆಗೆ ಸರ್ಜನ್ನರು ಗಂಟಲಿನೊಳಗೆ ಕತ್ತರಿ ಆಡಿಸುವ ಕ್ರಮವೇ ಬದಲಾಯಿತು. ಗಂಟುಗಳಿಗಂತೂ ಅನೇಕರಿಗೆ ಆಪರೇಷನ್ನೇ ಬೇಕಾಗುವುದಿಲ್ಲ. ಉಸಿರು ಹಿಡಿದು ಬಿಡುವ ಕ್ರಮ, ಮಾತಾಡುವ ಕ್ರಮ ತಿದ್ದಿದರೆ ಎಷ್ಟೋ ಮಟ್ಟಿಗೆ ಕರಗುತ್ತವೆ.

ಮೇಷ್ಟರುಗಳ ಕಷ್ಟ ಬರೀ ಮಾತಿನದಲ್ಲ, ಅಂಕಿ ಅಂಶವೇ ಇದೆ. ಅಮೆರಿಕದ ಅಯೋವಾ, ಯೂಟಾ ಎಂಬ ಎರಡು ರಾಜ್ಯಗಳಲ್ಲಿ 1,243 ಮಂದಿ ಶಿಕ್ಷಕರನ್ನೂ 1,288 ಮಂದಿ ಬೇರೆ ಕೆಲಸದವರನ್ನೂ ವಿಚಾರಿಸಿ 2004ರಲ್ಲಿ ಒಂದು ವರದಿ ಪ್ರಕಟಿಸಿದರು. ಜೀವಮಾನದಲ್ಲಿ ಒಮ್ಮೆಯಾದರೂ ದನಿಯ ತೊಂದರೆ ಅನುಭವಿಸಿದವರು ಶಿಕ್ಷಕರಲ್ಲಿ ನೂರಕ್ಕೆ 58ರ ಹತ್ತಿರ, ಬೇರೆಯವರಲ್ಲಿ 29ರ ಹತ್ತಿರ. ಅಂದರೆ ಸರಿಯಾಗಿ ಡಬ್ಬಲ್ಲು! ನಮ್ಮ ಮಾರ್ಕೆಟ್ಟಿನಲ್ಲಿ ಕೂಗುವವರನ್ನೂ ಯಾರಾದರೂ ಹೀಗೆ ಕೂತು ಎಣಿಸಬೇಕು.

ಸಂಗೀತದ ಮೇಷ್ಟ್ರು ಹಿಡಿದ ಕನ್ನಡಿ

ಬದುಕಿದ್ದವರ ಧ್ವನಿತಂತು ಆಡುವುದನ್ನು ಮೊದಲು ಚೆನ್ನಾಗಿ ಕಂಡು ಬರೆದಿಟ್ಟವರು ಡಾಕ್ಟರಲ್ಲ. ಮಾನ್ಯುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು! 1854ರಲ್ಲಿ ಅವರು ಹಲ್ಲು ಡಾಕ್ಟರು ಬಳಸುವ ಪುಟ್ಟ ಕನ್ನಡಿಯನ್ನು ಬಾಯಿಯ ಹಿಂಭಾಗಕ್ಕೆ ಇಟ್ಟುಕೊಂಡು, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ ತಮ್ಮ ಗಂಟಲನ್ನು ತಾವೇ ನೋಡಿಕೊಂಡರು. ಮಾರನೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದನ್ನು ಮಂಡಿಸಿದರು. ಪುಣ್ಯಾತ್ಮ 101 ವರ್ಷ ಬಾಳಿ 1906ರಲ್ಲಿ ತೀರಿಕೊಂಡರು. ಓದಿದ ಡಿಗ್ರಿಗಿಂತ ಕುತೂಹಲ ದೊಡ್ಡದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಪಿಯುಸಿ ಅರ್ಧಕ್ಕೆ ಬಿಟ್ಟ ನಮ್ಮಂಥವರಿಗೂ ಸ್ವಲ್ಪ ಧೈರ್ಯ ಬರುವ ಕಥೆ.

ಈಗ ಕಾಲ ಬದಲಾಗಿದೆ. ಮೂಗಿನಿಂದ ತೆಳುವಾದ ಕ್ಯಾಮೆರಾ ಕೊಳವೆ ಇಳಿಸಿ ಟಿವಿಯಲ್ಲಿ ತೋರಿಸುತ್ತಾರೆ. ಮಿಣುಕುವ ದೀಪದ ಸ್ಟ್ರೋಬೋಸ್ಕೋಪ್ ಹಾಕಿದರೆ ಸೆಕೆಂಡಿಗೆ ನೂರಿನ್ನೂರು ಸಲ ಬಡಿಯುವ ತಂತು ನಿಧಾನಕ್ಕೆ ಅಲೆಯಾಡಿದಂತೆ ಕಾಣುತ್ತದೆ. ಎಲ್ಲಿ ಗಂಟು, ಎಲ್ಲಿ ಊತ, ಎಲ್ಲಿ ಆಡುತ್ತಲೇ ಇಲ್ಲ ಎಂಬುದೆಲ್ಲ ಗೊತ್ತಾಗಿಬಿಡುತ್ತದೆ. ಕೆಲವೇ ನಿಮಿಷದ ಕೆಲಸ.

ಮೂರು ವಾರದ ಲೆಕ್ಕ

ಸಾಮಾನ್ಯ ಶೀತಕ್ಕೆ ಗಂಟಲು ಕಟ್ಟಿದರೆ ಒಂದೆರಡು ವಾರಕ್ಕೆ ಬಿಡಬೇಕು. ಮೂರು ವಾರ ದಾಟಿದರೂ ದನಿ ಒಡೆದೇ ಇದ್ದರೆ, ಅದರಲ್ಲೂ ಬೀಡಿ, ಸಿಗರೇಟು, ಹೊಗೆಸೊಪ್ಪು, ಹೆಂಡದ ಸಹವಾಸ ಇದ್ದರೆ, ಕಿವಿ ಮೂಗು ಗಂಟಲಿನ ಡಾಕ್ಟರು ಒಳಗೆ ನೋಡಲೇಬೇಕು. ಯಾಕೆಂದರೆ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಕೊಡುವ ಮೊದಲ ಸೂಚನೆಯೇ ಗೊಗ್ಗರು ದನಿ. ನೋವಿರುವುದಿಲ್ಲ, ಜ್ವರವಿರುವುದಿಲ್ಲ. ಅದಕ್ಕೇ ಜನ ಮೋಸ ಹೋಗುವುದು.

ಒಂದು ದೃಷ್ಟಿಯಲ್ಲಿ ಇದು ಒಳ್ಳೆಯ ಸುದ್ದಿಯೂ ಹೌದು. ಹೊಟ್ಟೆಯೊಳಗಿನ ಕ್ಯಾನ್ಸರು ಮುಚ್ಚಿಟ್ಟುಕೊಂಡು ಬೆಳೆಯುತ್ತದೆ, ಧ್ವನಿತಂತುವಿನದು ಮೊದಲ ದಿನದಿಂದಲೇ ‘ನಾನು ಬಂದಿದ್ದೇನೆ’ ಅಂತ ಕೂಗುತ್ತದೆ. ತಂತುವಿನ ಮೇಲಷ್ಟೇ ಇರುವಾಗ ಹಿಡಿದರೆ ವಿಕಿರಣದಿಂದಲೋ ಲೇಸರ್‌ನಿಂದಲೋ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ವಾಸಿ. ಆರು ತಿಂಗಳು ಶುಂಠಿ ಕಷಾಯ ಕುಡಿದು ಬಂದರೆ ಆ ಲೆಕ್ಕ ತಲೆಕೆಳಗು. ಆಗ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು.

ಆ ಆಪರೇಷನ್ ಹೊಸದಲ್ಲ. ಕ್ಯಾನ್ಸರಿಗಾಗಿ ಇಡೀ ಧ್ವನಿಪೆಟ್ಟಿಗೆ ತೆಗೆಯುವ ಕೆಲಸವನ್ನು ವಿಯೆನ್ನಾದಲ್ಲಿ ಬಿಲ್‌ರೋತ್ ಎಂಬ ಸರ್ಜನ್ 1873ರಲ್ಲೇ ಮಾಡಿದ್ದರು. ಪೆಟ್ಟಿಗೆ ಹೋದ ಮೇಲೆ ಉಸಿರಾಟ ಕತ್ತಿನಲ್ಲಿ ಮಾಡಿದ ತೂತಿನಿಂದ. ಊಟ ಬಾಯಿಂದಲೇ. ಆದರೆ ದನಿ? ಹಿಂದೆ ಎರಡೇ ದಾರಿ ಇತ್ತು. ಗಾಳಿ ನುಂಗಿ ತೇಗಿದಂತೆ ಮಾತಾಡುವುದನ್ನು ಕಲಿಯಬೇಕು, ಇಲ್ಲವೇ ಕತ್ತಿಗೆ ಯಂತ್ರ ಒತ್ತಿ ಹಿಡಿದು ಗುಂಯ್‌ಗುಡುತ್ತಾ ಮಾತಾಡಬೇಕು. 1980ರಲ್ಲಿ ಅಮೆರಿಕದ ಸಿಂಗರ್ ಮತ್ತು ಬ್ಲಾಮ್ ಎಂಬಿಬ್ಬರು ಮೂರನೆಯದನ್ನು ಪ್ರಕಟಿಸಿದರು. ಉಸಿರುನಾಳಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲಿ ಸಣ್ಣ ತೂತು ಮಾಡಿ, ಅದರಲ್ಲಿ ಒಂದೇ ಕಡೆಗೆ ತೆರೆಯುವ ಪುಟ್ಟ ವಾಲ್ವ್ ಕೂರಿಸುವುದು. ಕತ್ತಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ವಾಲ್ವ್ ದಾಟಿ ಅನ್ನನಾಳಕ್ಕೆ ನುಗ್ಗುತ್ತದೆ, ಅಲ್ಲಿನ ಗೋಡೆ ಕಂಪಿಸುತ್ತದೆ, ದನಿ ಹುಟ್ಟುತ್ತದೆ. ಊಟ ಮಾತ್ರ ಈಚೆ ಬರುವುದಿಲ್ಲ.

ಆದರೆ ರೇಟು! ಹೊರದೇಶದಿಂದ ಬರುವ ಈ ವಾಲ್ವಿಗೆ ಸಾವಿರಾರು ರೂಪಾಯಿ. ಅದೂ ಒಂದೇ ಸಲದ ಖರ್ಚಲ್ಲ, ಸವೆದಾಗಲೆಲ್ಲ ಬದಲಾಯಿಸಬೇಕು. ಕೂಲಿ ಮಾಡುವವನು ಎಲ್ಲಿಂದ ತಂದಾನು? ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡವರು ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್. ಉದ್ಯಮಿ ಗೆಳೆಯ ಶಶಾಂಕ್ ಮಹೇಶ್ ಜೊತೆ ಸೇರಿ ಅಂಥದ್ದೇ ಒಂದು ವಾಲ್ವನ್ನು ಇಲ್ಲೇ ತಯಾರಿಸಿದರು. 2015ರ ಹೊತ್ತಿಗೆ ಅದು ದೇಶದ ತುಂಬ ಸುದ್ದಿಯಾಯಿತು. ಆಗ ಅದರ ಬೆಲೆ ಸುಮಾರು 50 ರೂಪಾಯಿ! ಇಬ್ಬರು ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದರೆ ಆಗುವ ಬಿಲ್ಲಿಗಿಂತ ಕಡಿಮೆ. ಅದಕ್ಕೆ ಅವರಿಟ್ಟ ಹೆಸರು ‘ಓಂ’. ಮೊದಲ ಶಬ್ದದ ಹೆಸರನ್ನೇ ಶಬ್ದ ಕಳಕೊಂಡವರ ಸಾಧನಕ್ಕೆ ಇಟ್ಟಿದ್ದಾರೆ.

ನೆತ್ತಿಗೆ ಹತ್ತಿದರೆ ಯಾರು ನೆನೆಸಿಕೊಂಡರು?

ಊಟ ಮಾಡುವಾಗ ನೆತ್ತಿಗೆ ಹತ್ತಿದರೆ ನಮ್ಮಲ್ಲಿ ‘ಯಾರೋ ನೆನೆಸಿಕೊಂಡ್ರು’ ಅಂತ ತಲೆ ತಟ್ಟುತ್ತಾರೆ. ಅಸಲಿಗೆ ನೆತ್ತಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಗಂಟಲು ಕೆ.ಆರ್. ಸರ್ಕಲ್ ಇದ್ದ ಹಾಗೆ. ಉಸಿರಿನ ರಸ್ತೆ, ಊಟದ ರಸ್ತೆ ಎರಡೂ ಅಲ್ಲಿ ಅಡ್ಡ ಹಾಯುತ್ತವೆ. ನುಂಗುವಾಗ ಒಂದು ಕ್ಷಣ ಉಸಿರು ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೆ ಏರುತ್ತದೆ, ಮೇಲಿನ ಮುಚ್ಚಳ ಬಾಗುತ್ತದೆ, ಧ್ವನಿತಂತುಗಳು ಗಪ್ಪನೆ ಮುಚ್ಚುತ್ತವೆ. ಎರಡು ಡಜನ್ನಿಗೂ ಹೆಚ್ಚು ಸ್ನಾಯುಗಳು ಸೇರಿ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಸುವ ಕೆಲಸ. ಮುದ್ದೆಯನ್ನು ಅಗಿಯದೆ ನುಂಗುವ ನಮ್ಮ ಮೈಸೂರು, ಮಂಡ್ಯದವರಿಗೆ ಇದರ ಮಹಿಮೆ ಬೇರೆ ಹೇಳಬೇಕಿಲ್ಲ. ಟ್ರಾಫಿಕ್ ಪೊಲೀಸ್ ಒಂದು ಕ್ಷಣ ಕೈ ತಪ್ಪಿದರೆ ತುತ್ತು ಅಡ್ಡರಸ್ತೆ ಹಿಡಿಯುತ್ತದೆ. ಕೆಮ್ಮು ಬಂದು ಅದನ್ನು ಹೊರಗೆ ದಬ್ಬುತ್ತದೆ. ಅದೇ ‘ನೆತ್ತಿಗೆ ಹತ್ತುವುದು’.

ಲಕ್ವ ಹೊಡೆದವರ ಮನೆಯಲ್ಲಿ ಈ ವಿಷಯ ಸಾವು ಬದುಕಿನ ಪ್ರಶ್ನೆ. ಲಕ್ವದ ಮೊದಲ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಿಗೆ ನುಂಗುವುದು ಕೆಡುತ್ತದೆ. ಮಾತು ತೊದಲಿದರೆ ಮನೆಯವರಿಗೆ ಕಾಣುತ್ತದೆ. ನುಂಗುವುದು ಕೆಟ್ಟರೆ ಕಾಣುವುದಿಲ್ಲ. ಕೆಲವರಿಗೆ ನೀರು ಉಸಿರುನಾಳಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲ. ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತದೆ. ‘ಲಕ್ವ ವಾಸಿಯಾಗ್ತಾ ಇತ್ತು, ಜ್ವರ ಬಂದು ಹೋಗಿಬಿಟ್ರು’ ಅನ್ನುವ ಮಾತು ಎಷ್ಟು ಮನೆಗಳಲ್ಲಿ ಕೇಳಿಲ್ಲ?

ಅಮೆರಿಕದ ಜೆರಿ ಲೋಗೆಮನ್ ಎಂಬ ಹೆಣ್ಣುಮಗಳು ಈ ಕತ್ತಲಿಗೆ ದೀಪ ಹಿಡಿದರು. ರೋಗಿಗೆ ಬೇರಿಯಂ ಬೆರೆಸಿದ ಆಹಾರ ಕೊಟ್ಟು, ನುಂಗುವುದನ್ನು ಎಕ್ಸ್‌ರೇ ಸಿನಿಮಾದಂತೆ ನೋಡಿ, ತುತ್ತು ಎಲ್ಲಿ ದಾರಿ ತಪ್ಪುತ್ತದೆ ಅಂತ ಪತ್ತೆ ಹಚ್ಚುವ ಕ್ರಮವನ್ನು ಬೆಳೆಸಿ 1983ರಲ್ಲಿ ಪುಸ್ತಕವನ್ನೇ ಬರೆದರು. 1988ರಲ್ಲಿ ಸೂಸನ್ ಲ್ಯಾಂಗ್‌ಮೋರ್ ಮತ್ತು ಸಂಗಡಿಗರು ಮೂಗಿನ ಕ್ಯಾಮೆರಾದಿಂದಲೇ ಇದನ್ನು ನೋಡುವ ದಾರಿ ತೋರಿಸಿದರು. ಅಲ್ಲಿಂದ ಮುಂದೆ, ಮೂಗಿನ ನಳಿಗೆಯೊಂದೇ ಗತಿ ಎನ್ನುವ ಸ್ಥಿತಿ ಹೋಯಿತು. ಒಬ್ಬರಿಗೆ ಗದ್ದ ಎದೆಗೆ ತಗ್ಗಿಸಿ ನುಂಗಿದರೆ ಸರಿಹೋಗುತ್ತದೆ, ಇನ್ನೊಬ್ಬರಿಗೆ ನೀರಿನ ಬದಲು ಗಂಜಿಯಂತೆ ಮಂದ ಮಾಡಿದ್ದು ಕೊಡಬೇಕಾಗುತ್ತದೆ, ಮತ್ತೊಬ್ಬರಿಗೆ ವ್ಯಾಯಾಮ ಬೇಕು. ಯಾರಿಗೆ ಯಾವುದು ಅಂತ ಪರೀಕ್ಷೆ ಮಾಡಿದವರೇ ಹೇಳಬೇಕು, ಪಕ್ಕದ ಮನೆಯವರಲ್ಲ.

ಮನೆಯವರು ಮಾಡಬೇಕಾದದ್ದು ಇಷ್ಟು. ಲಕ್ವ ಹೊಡೆದವರನ್ನು ಮಲಗಿಸಿಕೊಂಡು ನೀರು, ಕಾಫಿ ಬಾಯಿಗೆ ಹಾಕಬೇಡಿ. ಆಸ್ಪತ್ರೆಯಲ್ಲಿ ‘ಇವರಿಗೆ ನುಂಗೋಕೆ ಆಗುತ್ತಾ, ನೋಡಿದ್ರಾ?’ ಅಂತ ಬಾಯಿಬಿಟ್ಟು ಕೇಳಿ. ಊಟವಾದ ಮೇಲೆ ದನಿ ಗೊಳಗೊಳ ಅಂದರೆ, ಪದೇ ಪದೇ ಜ್ವರ ಬಂದರೆ ಅದು ಸುಳಿವು ಅಂತ ತಿಳಿಯಿರಿ.

ಕಡಲೆಕಾಯಿ ಬೀಜ, ಗುಂಡು ಸೆಲ್ಲು

ಚಿಕ್ಕ ಮಕ್ಕಳ ಉಸಿರುನಾಳದಲ್ಲಿ ನಮ್ಮ ದೇಶದ ಡಾಕ್ಟರುಗಳು ಬಹಳ ಸಲ ಹುಡುಕಿ ತೆಗೆಯುವ ವಸ್ತು ಯಾವುದು ಗೊತ್ತಾ? ಕಡಲೆಕಾಯಿ ಬೀಜ! ಬಸ್ಸಿನಲ್ಲಿ ಅಳುವ ಮಗುವಿನ ಕೈಗೆ ನಾವು ಮೊದಲು ಕೊಡುವುದೂ ಅದನ್ನೇ. ದವಡೆ ಹಲ್ಲು ಬಾರದ ಮಗುವಿಗೆ ಅಗಿಯಲು ಬರುವುದಿಲ್ಲ. ನಗುವಾಗ, ಅಳುವಾಗ ಸೊರ್ ಅಂತ ಒಳಗೆ ಎಳೆದುಕೊಂಡುಬಿಡುತ್ತದೆ. ಆ ಹೊತ್ತು ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾಗಬಹುದು. ಬೀಜ ಕೆಳಗೆ ಕೂತು ಊದಿಕೊಳ್ಳುತ್ತದೆ. ವಾರಗಟ್ಟಲೆ ಕೆಮ್ಮು, ಗೊರಗೊರ. ‘ಅಸ್ತಮಾ’ ಅಂತ ಔಷಧಿ ನಡೆಯುತ್ತಿರುತ್ತದೆ. ಆದ್ದರಿಂದ ನಾಲ್ಕು ವರ್ಷ ತುಂಬದ ಮಕ್ಕಳಿಗೆ ಇಡೀ ಕಡಲೆಕಾಯಿ ಬೀಜ ಬೇಡ, ಪುಡಿ ಮಾಡಿ ಕೊಡಿ. ತಿನ್ನುವಾಗ ಕೆಮ್ಮಿ ನೀಲಿಗಟ್ಟಿದ ಮಗು ಆಮೇಲೆ ಸರಿ ಇದ್ದ ಹಾಗೆ ಕಂಡರೂ ಡಾಕ್ಟರಿಗೆ ತೋರಿಸಿ, ‘ಏನು ತಿಂತಾ ಇತ್ತು’ ಅಂತ ಹೇಳುವುದನ್ನು ಮರೆಯಬೇಡಿ.

1897ರಲ್ಲಿ ಜರ್ಮನಿಯ ಗುಸ್ಟಾವ್ ಕಿಲಿಯನ್ ಎಂಬ ಡಾಕ್ಟರು ಒಬ್ಬ ರೈತನ ಉಸಿರುಗೊಳವೆಯೊಳಗೆ ಕೊಳವೆ ಇಳಿಸಿ ಸಿಕ್ಕಿಕೊಂಡಿದ್ದ ಮೂಳೆ ಚೂರನ್ನು ತೆಗೆದರು. ಎದೆ ಕೊಯ್ಯದೆ ತೆಗೆದದ್ದು ಆ ಕಾಲಕ್ಕೆ ಪವಾಡ. ಅವರ ಹಿಂದೆ ಬಂದ ಅಮೆರಿಕದ ಷೆವಲಿಯರ್ ಜಾಕ್ಸನ್ ಇದನ್ನೇ ಜೀವಮಾನದ ಕೆಲಸ ಮಾಡಿಕೊಂಡರು. ಜನ ನುಂಗಿದ, ಉಸಿರಿನಲ್ಲಿ ಎಳೆದುಕೊಂಡ ಪಿನ್ನು, ಗುಂಡಿ, ನಾಣ್ಯ, ಮೂಳೆ ಹೀಗೆ 2,000ಕ್ಕೂ ಹೆಚ್ಚು ಸಾಮಾನು ತೆಗೆದು ಕೂಡಿಟ್ಟರು. ಫಿಲಡೆಲ್ಫಿಯಾದ ಮ್ಯೂಟರ್ ಮ್ಯೂಸಿಯಂನಲ್ಲಿ ಇವತ್ತಿಗೂ ಡ್ರಾಯರುಗಳಲ್ಲಿ ಸಾಲಾಗಿ ಇಟ್ಟಿದ್ದಾರೆ.

ಈ ಮನುಷ್ಯ ಸಾಮಾನು ತೆಗೆದು ಕೈತೊಳೆದುಕೊಳ್ಳಲಿಲ್ಲ. ಆಗ ಅಮೆರಿಕದ ಮನೆಗಳಲ್ಲಿ ತೊಳೆಯಲು ಬಳಸುತ್ತಿದ್ದ ಕಾಸ್ಟಿಕ್ ಸೋಡಾವನ್ನು ಮಕ್ಕಳು ಸಕ್ಕರೆ ಅಂದುಕೊಂಡು ಬಾಯಿಗೆ ಹಾಕಿ ಅನ್ನನಾಳ ಸುಟ್ಟುಕೊಳ್ಳುತ್ತಿದ್ದರು. ಡಬ್ಬಿಯ ಮೇಲೆ ‘ವಿಷ’ ಅಂತ ಬರೆಯುವ ಕಟ್ಟಳೆ ಇರಲಿಲ್ಲ. ಜಾಕ್ಸನ್ ವರ್ಷಾನುಗಟ್ಟಲೆ ಕೂಗಾಡಿ 1927ರಲ್ಲಿ ಅದಕ್ಕೆ ಕಾನೂನನ್ನೇ ತಂದರು. ನಮ್ಮಲ್ಲಿ ಈಗಲೂ ಬಚ್ಚಲು ತೊಳೆಯುವ ಆಸಿಡ್ಡನ್ನು ಹಳೇ ಜ್ಯೂಸ್ ಬಾಟಲಿಗೆ ತುಂಬಿಡುವವರಿದ್ದಾರೆ. ಅಂಥವರು ಈ ಸಾಲನ್ನು ಎರಡು ಸಲ ಓದಲಿ.

ಗುಂಡು ಸೆಲ್ಲು ಇನ್ನೂ ಮೋಸದ್ದು. ಆಟದ ಸಾಮಾನು, ರಿಮೋಟು, ಮಿಣುಮಿಣುಗುವ ದೀಪ ಎಲ್ಲದರಲ್ಲೂ ಇದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡಲು ಶುರು. ‘ಬೆಳಿಗ್ಗೆ ಹೊರಗೆ ಹೋಗುತ್ತೆ’ ಅಂತ ಬಾಳೆಹಣ್ಣು ತಿನ್ನಿಸಿ ಕಾಯುವ ಕೆಲಸ ಇದಲ್ಲ. ರಾತ್ರಿ ಹನ್ನೆರಡಾದರೂ ಸರಿ, ದೊಡ್ಡಾಸ್ಪತ್ರೆಗೆ ಓಡಿ.

ಬಸ್ಸಿನಲ್ಲಿ ಸಿಕ್ಕಿಕೊಂಡರೆ

ಹಿಂದೆ ಹೋಟೆಲಿನಲ್ಲಿ ಊಟ ಮಾಡುತ್ತಾ ಧೊಪ್ಪನೆ ಬಿದ್ದು ಸತ್ತವರನ್ನು ‘ಹಾರ್ಟ್ ಅಟ್ಯಾಕ್’ ಅನ್ನುತ್ತಿದ್ದರು. ಅವರಲ್ಲಿ ಅನೇಕರ ಗಂಟಲಿನಲ್ಲಿ ತುತ್ತು ಸಿಕ್ಕಿಕೊಂಡಿತ್ತು ಅಂತ 1963ರಲ್ಲಿ ಅಮೆರಿಕದ ಡಾಕ್ಟರೊಬ್ಬರು ತೋರಿಸಿಕೊಟ್ಟರು. 1974ರಲ್ಲಿ ಹೈಮ್ಲಿಕ್ ಎಂಬ ಸರ್ಜನ್ ಹೊಟ್ಟೆ ಒತ್ತುವ ಉಪಾಯ ಹೇಳಿದರು. 2016ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ತಾವಿದ್ದ ವೃದ್ಧಾಶ್ರಮದ ಊಟದ ಮೇಜಿನಲ್ಲೇ ಒಬ್ಬ ಅಜ್ಜಿಯನ್ನು ಅವರು ಅದೇ ಉಪಾಯದಿಂದ ಉಳಿಸಿದರು!

ಕ್ರಮ ಹೀಗೆ. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಬೆನ್ನು ತಲೆ ತಟ್ಟಬೇಡಿ. ಕೆಮ್ಮೂ ಇಲ್ಲ, ಮಾತೂ ಇಲ್ಲ, ಕೈ ಕತ್ತಿಗೆ ಹೋಗಿದೆ ಅಂದರೆ ಗಾಳಿ ಬಂದ್ ಆಗಿದೆ ಅಂತ ಅರ್ಥ. ಮುಂದಕ್ಕೆ ಬಗ್ಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಐದು ಸಲ ಗುದ್ದಿ. ಹೋಗಲಿಲ್ಲವೇ? ಹಿಂದೆ ನಿಂತು ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಜಗ್ಗಿ. ಹೊರಗೆ ಬರುವ ತನಕ ಮತ್ತೆ ಐದು, ಮತ್ತೆ ಐದು. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ತುಂಬು ಬಸುರಿಗೆ ಹೊಟ್ಟೆ ಬೇಡ, ಎದೆಯ ಮೇಲೆ ಒತ್ತಬೇಕು. ವರ್ಷ ತುಂಬದ ಕೂಸಿಗೂ ಹೊಟ್ಟೆ ಒತ್ತಬಾರದು. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ ಬೆನ್ನಿಗೆ ಐದು, ತಿರುಗಿಸಿ ಎದೆ ಮಧ್ಯಕ್ಕೆ ಐದು. ಕಾಣದ ವಸ್ತುವಿಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಎಚ್ಚರ ತಪ್ಪಿ ಬಿದ್ದರೆ ನೆಲದ ಮೇಲೆ ಮಲಗಿಸಿ ಎದೆ ಒತ್ತಲು ಶುರುಮಾಡಬೇಕು. ಬಸ್ಸನ್ನು ಹತ್ತಿರದ ಆಸ್ಪತ್ರೆಗೇ ತಿರುಗಿಸಿದರೆ ಯಾವ ಪ್ರಯಾಣಿಕನೂ ಗೊಣಗಲಾರ.

ಅಂಗಡಿಯವರಿಗೆ ಎರಡು ಮಾತು

ಬೀಡಿ ಸಿಗರೇಟು ಮಾರುವವರ ಹೊಟ್ಟೆ ಮೇಲೆ ಹೊಡೆಯುವುದು ನಮ್ಮ ಉದ್ದೇಶವಲ್ಲ. ಆದರೆ ಕಾನೂನು ಬಿಗಿಯಾಗಿದೆ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ಬಂದ್ ಆಯಿತು. 2025ರ ಮೇ ತಿಂಗಳಿನಿಂದ 21 ವರ್ಷ ತುಂಬದವರಿಗೆ ಹೊಗೆಸೊಪ್ಪಿನ ಯಾವುದೇ ಪದಾರ್ಥ ಮಾರುವ ಹಾಗಿಲ್ಲ. ಪ್ಯಾಕೆಟ್ಟಿನ ಮೇಲಿನ ಚಿತ್ರ ನೋಡಿ ಮುಖ ತಿರುಗಿಸುವ ಗಿರಾಕಿಯ ದನಿ ಒಡೆದದ್ದು ಕೇಳಿಸಿದರೆ ಚಿಲ್ಲರೆಯ ಜೊತೆ ಒಂದು ಮಾತೂ ಕೊಡಿ: ‘ಅಣ್ಣಾ, ಗಂಟಲು ತೋರಿಸ್ಕೊಳ್ಳಿ.’ ದಿನಾ ದನಿ ಕೇಳುವ ಅಂಗಡಿಯವನಿಗೆ ಅದು ಬದಲಾದದ್ದು ಹೆಂಡತಿ ಮಕ್ಕಳಿಗಿಂತ ಮೊದಲು ಗೊತ್ತಾಗುವುದುಂಟು.

ಇನ್ನು ನಿಮ್ಮ ಸ್ವಂತ ದನಿ. ಅಂಗಡಿಯಲ್ಲಿ ನೀರಿನ ಚೊಂಬು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, ಗುಟುಕು ಗುಟುಕಾಗಿ ಕುಡಿಯುತ್ತಿರಿ. ರೇಡಿಯೋ ಜೋರು ಮಾಡಿ ಅದರ ಮೇಲೆ ಕೂಗಬೇಡಿ. ಪದೇ ಪದೇ ಖ್ಯಾಕರಿಸಬೇಡಿ, ಅದೂ ತಂತುಗಳಿಗೆ ಪೆಟ್ಟೇ. ಗಂಟಲು ಕಟ್ಟಿದ ದಿನ ಒತ್ತಾಯದಿಂದ ಪಿಸುಗುಟ್ಟುವುದೂ ವಿಶ್ರಾಂತಿಯಲ್ಲ, ಸುಮ್ಮನಿರುವುದೇ ವಿಶ್ರಾಂತಿ. ರಾತ್ರಿ ಹೊಟ್ಟೆ ಬಿರಿಯ ಉಂಡು ತಕ್ಷಣ ಮಲಗಿದರೆ ಹುಳಿ ಮೇಲೆ ಬಂದು ಗಂಟಲು ಕೆಡಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಮೂರು ವಾರ ಕಳೆಯಿತೇ? ಮೊದಲು ದೊಡ್ಡಾಸ್ಪತ್ರೆಯಲ್ಲೋ ಹತ್ತಿರದಲ್ಲೋ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ, ಇಲ್ಲವೇ ನೇರ ಗಂಗೋತ್ರಿಗೇ ನಡೆಯಿರಿ. ಒಂದು ದಿನದ ವ್ಯಾಪಾರ ಹೋಗಬಹುದು. ದನಿ ಹೋದರೆ ಯಾವ ಬ್ಯಾಂಕಿನವರೂ ಸಾಲ ಕೊಡುವುದಿಲ್ಲ.